ಸಹಾಯ ಬೇಕು: ಕೋಲಾರದಲ್ಲಿ ವಿಲಿಯಮ್ಸ್ ಸಿಂಡ್ರೋಮ್ ಪರೀಕ್ಷೆಗೆ ದಾರಿ

ನಮಸ್ಕಾರ. ಮುಳಬಾಗಿಲು ಕಡೆಯ ಮೂರು ವರ್ಷದ ಹುಡುಗಿಗೆ ವಿಲಿಯಮ್ಸ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಒಂದು ಕ್ರೋಮೋಸೋಮ್ ದೋಷ) ಅನುಮಾನವಿದೆ. ಊದಿದ ಕಣ್ಣಂಚು, ಅಗಲ ಬಾಯಿ, ನಡಿಗೆ ತಡ. ಹೊಸಬರ ಹತ್ತಿರವೂ ನಗುತ್ತಾ ಹೋಗುತ್ತಾಳೆ, ಮಿಕ್ಸಿ ಸದ್ದಾದರೆ ಮಾತ್ರ ಕಿವಿ ಮುಚ್ಚಿಕೊಂಡು ಅಳು. ಕ್ಯಾರಿಯೋಟೈಪ್ (ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್ ನೋಡುವ ಪರೀಕ್ಷೆ) ನಾರ್ಮಲ್ ಬಂದಿದೆ, ಆದರೆ ಅಷ್ಟಕ್ಕೇ ಬಿಡುವಂತಿಲ್ಲ: 7ನೇ ಕ್ರೋಮೋಸೋಮಿನಲ್ಲಿ ಕಳೆದುಹೋಗುವ ತುಂಡು ಬಹಳ ಚಿಕ್ಕದು, ಆ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಅಂಥ ಚಿಕ್ಕ ತುಂಡನ್ನೂ ಪತ್ತೆ ಹಚ್ಚುವ ಮೈಕ್ರೋಅರೇ ಅಥವಾ ಫಿಶ್ (FISH) ಪರೀಕ್ಷೆ ಆಗಬೇಕು. ಬೆಂಗಳೂರಿನಲ್ಲಿ ಕಡಿಮೆ ಖರ್ಚಿಗೆ ಎಲ್ಲಿ ಮಾಡುತ್ತಾರೆ? ಕೋಲಾರದಲ್ಲೇ ರಕ್ತ ತೆಗೆದು ಕಳಿಸಬಹುದಾ? ಮೈಕ್ರೋಅರೇಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಫಿಶ್‌ಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್. ಅದಲುಬದಲಾದರೆ ಪಾಪ, ಮಗುವಿಗೆ ಮತ್ತೆ ಸೂಜಿ.

ಎಕೋ (ಹೃದಯದ ಸ್ಕ್ಯಾನ್) ಮಾತ್ರ ವರದಿಗೆ ಕಾಯದೆ ಆಗಲೇಬೇಕು. ಆ ತುಂಡಿನ ಜೊತೆ ಎಲಾಸ್ಟಿನ್ ಜೀನ್ (ರಕ್ತನಾಳಕ್ಕೆ ಹಿಗ್ಗುವ ಗುಣ ಕೊಡುವುದು) ಕಳೆದಿದ್ದರೆ ಮಹಾಪಧಮನಿ ಕಿರಿದಾಗಿರಬಹುದು. ಈ ಸಿಂಡ್ರೋಮಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರಬಹುದು, ಹಾಗಾಗಿ ರಕ್ತದ ಕ್ಯಾಲ್ಸಿಯಂ ನೋಡದೆ ವಿಟಮಿನ್ ಡಿ ಹನಿಯೂ ಬೇಡ. ಮಕ್ಕಳ ಎಕೋ ಮಾಡುವ ಡಾಕ್ಟರು ಕೋಲಾರಕ್ಕೆ ಯಾವ ದಿನ ಬರುತ್ತಾರೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.