ಹುಳುಕಡ್ಡಿಗೆ ಒಟ್ಟೊಟ್ಟಿಗೆ ಎರಡು ಔಷಧಿ ಯಾಕೆ?

ಬನಹಟ್ಟಿ ಮಗ್ಗದವ:
ನನ್ನ ತಮ್ಮನಿಗೆ ತೊಡೆಸಂದಿ, ಸೊಂಟದ ಸುತ್ತ ಹುಳುಕಡ್ಡಿ. ಪವರ್‌ಲೂಮ್ ಶೆಡ್‌ನಲ್ಲಿ ದಿನವಿಡೀ ಬೆವರು ಬೇರೆ. ಟರ್ಬಿನಾಫಿನ್ ಮಾತ್ರೆ ಹೇಳಿದಷ್ಟು ದಿನ ತಿಂದ, ಹೋಗಲಿಲ್ಲ. ಈಗ ಬಾಗಲಕೋಟೆಯ ಚರ್ಮದ ಡಾಕ್ಟರು ಅದನ್ನು ನಿಲ್ಲಿಸಿ ಇಟ್ರಾಕೊನಜೋಲ್ ಕ್ಯಾಪ್ಸೂಲ್, ಜೊತೆಗೆ ಹಚ್ಚಲು ಸೈಕ್ಲೋಪಿರಾಕ್ಸ್ ಕ್ರೀಮ್ ಬರೆದಿದ್ದಾರೆ. ಅಷ್ಟೊಂದು ಔಷಧಿ ಬೇಡ ಅಂತ ಅವ್ವ ಹೆದರಿದ್ದಾಳೆ. ಅಂಗಡಿಯ ಟ್ಯೂಬ್‌ನಲ್ಲೂ ಮೂರ್ನಾಲ್ಕು ಔಷಧಿ ಕೂಡಿಸಿರುತ್ತಾರೆ, ಅಗ್ಗವೂ ಹೌದು. ಅದನ್ನೇ ಹಚ್ಚಿದರೆ ಸಾಲದಾ?

ಜಮಖಂಡಿ ಔಷಧಿ ಅಂಗಡಿ:
ಅಣ್ಣಾರೇ, ದಯವಿಟ್ಟು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಆ ಟ್ಯೂಬ್ ತಿರುಗಿಸಿ ಓದಿ. ಕ್ಲೋಬೆಟಸಾಲ್ ಅಂತ ಇದ್ದರೆ ಅದು ಜೋರಾದ ಸ್ಟೀರಾಯ್ಡ್. ತುರಿಕೆ ಬೇಗ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ವಾಸಿಯಾಯಿತು ಅನಿಸುತ್ತದೆ. ಆದರೆ ಚರ್ಮದ ಸ್ವಂತ ಶಕ್ತಿ ಕುಗ್ಗಿ ಹುಳುಕಡ್ಡಿ ತರುವ ಫಂಗಸ್ ಸುಮ್ನೆ ಹರಡುತ್ತಾ ಹೋಗುತ್ತದೆ. ತೊಡೆಸಂದಿಯ ಚರ್ಮ ತೆಳುವಾಗಿ ಗೆರೆ ಬೀಳುತ್ತವೆ, ಅವು ಪೂರ್ತಿ ಮಾಯುವುದೇ ಇಲ್ಲ. 2018ರಲ್ಲಿ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ, ಅಂದರೆ ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿತು. ಗಿರಾಕಿ ಸಿಟ್ಟಾದರೂ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ.

ಡಾಕ್ಟರು ಮಾಡಿರುವುದು ಬೇರೆ. ಫಂಗಸ್‌ನ ಪೊರೆಗೆ ಎರ್ಗೊಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತು ಬೇಕು. ಟರ್ಬಿನಾಫಿನ್ ಅದರ ತಯಾರಿಯ ಒಂದು ಹಂತದ ಕಿಣ್ವವನ್ನು ತಡೆಯುತ್ತದೆ. ನಮ್ಮ ದೇಶದಲ್ಲಿ ಈಗ ಹರಡಿರುವ ಟ್ರೈಕೊಫೈಟಾನ್ ಇಂಡೊಟಿನಿಯೇ ಅನ್ನುವ ಫಂಗಸ್‌ನಲ್ಲಿ ಆ ಕಿಣ್ವವೇ ಎಷ್ಟೋ ಸಲ ಬದಲಾಗಿರುತ್ತದೆ, ಮಾತ್ರೆ ನಾಟುವುದಿಲ್ಲ. ಇಟ್ರಾಕೊನಜೋಲ್ ಮುಂದಿನ ಇನ್ನೊಂದು ಹಂತಕ್ಕೆ ಹೊಡೆಯುತ್ತದೆ. ಸೈಕ್ಲೋಪಿರಾಕ್ಸ್ ದಾರಿಯೇ ಬೇರೆ, ಫಂಗಸ್‌ಗೆ ಬೇಕಾದ ಕಬ್ಬಿಣದಂಥ ಲೋಹವನ್ನು ಹಿಡಿದಿಡುತ್ತದೆ. ಎರಡು ಕಡೆಯಿಂದ ಏಟು ಬಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ, ಅಲ್ವಾ?

ಇದು ಹೊಸ ಯೋಚನೆಯೂ ಅಲ್ಲ. ಮೆದುಳಿನ ಪೊರೆಗೆ ತಗಲುವ ಕ್ರಿಪ್ಟೊಕಾಕಸ್ ಅನ್ನುವ ಫಂಗಸ್ ಸೋಂಕಿಗೆ ಫ್ಲೂಸೈಟೊಸಿನ್ ಔಷಧಿ ಒಂದನ್ನೇ ಕೊಟ್ಟರೆ ಫಂಗಸ್ ಬೇಗ ಅದಕ್ಕೆ ಬಗ್ಗದ ಹಾಗೆ ಆಗುತ್ತದೆ. ಆಂಫೊಟೆರಿಸಿನ್ ಬಿ ಅನ್ನುವ ಇನ್ನೊಂದು ಔಷಧಿಯ ಜೊತೆ ಕೊಟ್ಟರೆ ಜೀವ ಉಳಿಯುವವರು ಜಾಸ್ತಿ.

ಹಾಗಂತ ಉಳಿದಿರುವ ಟರ್ಬಿನಾಫಿನ್ ಮಾತ್ರೆಯನ್ನು ನೀವೇ ಜೊತೆಗೆ ಸೇರಿಸಬೇಡಿ. ಎರಡು ಮಾತ್ರೆಯೂ ಲಿವರ್‌ಗೆ ತೊಂದರೆ ಕೊಡಬಹುದು.

ವಿಜಯಪುರ ನರ್ಸಕ್ಕ:
ಮನೆಯಲ್ಲಿ ಬೇರೆ ಯಾರಿಗೆ ತುರಿಕೆ ಇದೆ ನೋಡಿ. ಅವರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಮತ್ತೆ ಬರುತ್ತದೆ. ಟವೆಲ್ ಬೇರೆ ಇರಲಿ. ಒಳಉಡುಪು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ.

ಬನಹಟ್ಟಿ ಮಗ್ಗದವ:
ಅವ್ವನಿಗೂ ಕಂಕುಳಲ್ಲಿ ಇದೆ ಅಕ್ಕಾ, ಇವತ್ತೇ ಹೇಳಿದಳು. ಕರೆದುಕೊಂಡು ಹೋಗುತ್ತೇನೆ. ಇನ್ನೊಂದು, ತಮ್ಮನಿಗೆ ಅಸಿಡಿಟಿ ಇದೆ, ದಿನಾ ಪ್ಯಾಂಟೊಪ್ರಜೋಲ್ ತಿನ್ನುತ್ತಾನೆ.

ಜಮಖಂಡಿ ಔಷಧಿ ಅಂಗಡಿ:
ಒಳ್ಳೆಯದಾಯಿತು ಕೇಳಿದ್ದು. ಸಾಮಾನ್ಯ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹಿಡಿಯಲು ಹೊಟ್ಟೆಯ ಆಮ್ಲ ಬೇಕು. ಪ್ಯಾಂಟೊಪ್ರಜೋಲ್ ಅದನ್ನೇ ಇಳಿಸುತ್ತದೆ. ಹೊಟ್ಟೆತುಂಬ ಊಟ ಆದ ಕೂಡಲೇ ನುಂಗಲಿ, ಅಸಿಡಿಟಿ ಮಾತ್ರೆಯ ವಿಷಯ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಅವ್ವನಿಗೆ ಹೃದಯದ ತೊಂದರೆ ಇದ್ದರೆ, ಕೊಲೆಸ್ಟ್ರಾಲ್ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಮೊದಲೇ ಹೇಳಿ. ಅವರಿಗೆ ಈ ಕ್ಯಾಪ್ಸೂಲ್ ಆಗದೇ ಇರಬಹುದು.