ಸಹಾಯ ಬೇಕು: ಇಡೀ ಪುಸ್ತಕ ಜೆರಾಕ್ಸ್ ಮಾಡಿಸಿದರೆ ತಪ್ಪಾ?

ತಂಗಿಗೆ ಈ ವರ್ಷ ಎಂಬಿಬಿಎಸ್ ಸೀಟು ಸಿಕ್ಕಿದೆ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಪುಸ್ತಕಗಳ ಪಟ್ಟಿ ಬಂತು. ಒಟ್ಟು ಬೆಲೆ ನೋಡಿ ಅಪ್ಪ ಕನ್ನಡಕ ತೆಗೆದು ಮಡಚಿಟ್ಟರು, ಏನೂ ಮಾತಾಡಲಿಲ್ಲ.

ಸೀನಿಯರ್‌ಗಳನ್ನು ಕೇಳಿದ್ದಾಯಿತು. ಫಿಸಿಯಾಲಜಿ ಒಂದು ಸಿಕ್ಕಿತು, ಅದೂ ಪುಟಪುಟಕ್ಕೂ ಹಸಿರು ಹೈಲೈಟರ್ ಬಳಿದದ್ದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅರ್ಧ ದಿನ ಅಲೆದೆ, ಇದ್ದದ್ದೆಲ್ಲ ಹಳೇ ಎಡಿಷನ್. ಲೈಬ್ರರಿಯ ಪುಸ್ತಕ ಮನೆಗೆ ಕೊಡಲ್ಲವಂತೆ.

ಕಾಲೇಜಿನ ಎದುರು ಒಬ್ಬರು ಇಡೀ ಅನಾಟಮಿ ಪುಸ್ತಕವನ್ನೇ ಜೆರಾಕ್ಸ್ ಮಾಡಿ ಸ್ಪೈರಲ್ ಹಾಕಿ ಕೊಡುತ್ತಾರೆ. ಸ್ಯಾಂಪಲ್ ಪುಟ ನೋಡಿದೆ. ಕೆಂಪು ರಕ್ತನಾಳ, ನೀಲಿ ರಕ್ತನಾಳ, ಹಳದಿ ನರ, ಮೂರೂ ಒಂದೇ ಬೂದು ಬಣ್ಣ! ಆದರೂ ತಂಗಿ ಸಾಕು ಅನ್ನುತ್ತಾಳೆ. ಕ್ಲಾಸಿನಲ್ಲಿ ಮುಕ್ಕಾಲು ಜನ ಹೀಗೇ ಮಾಡುತ್ತಾರಂತೆ.

"2016ರಲ್ಲಿ ದೆಹಲಿ ಹೈಕೋರ್ಟೇ ಜೆರಾಕ್ಸ್ ಪರ ತೀರ್ಪು ಕೊಟ್ಟಿದೆ, ಹೆದರಬೇಡ" ಅಂತ ಗೆಳೆಯ ಹೇಳಿದ. ಹುಡುಕಿ ಓದಿದೆ. ಅದು ದೆಹಲಿ ವಿಶ್ವವಿದ್ಯಾಲಯದ ಕೋರ್ಸ್ ಪ್ಯಾಕ್ ವಿಷಯ. ಅಂದರೆ ಪಾಠಕ್ಕೆ ಬೇಕಾದ ಭಾಗಗಳನ್ನು ಬೇರೆ ಬೇರೆ ಪುಸ್ತಕಗಳಿಂದ ಆರಿಸಿ ಕಟ್ಟಿದ್ದು. ನಾನು ಮಾಡಿಸಲು ಹೊರಟಿರುವುದು ಮೊದಲ ಪುಟದಿಂದ ಕೊನೆಯವರೆಗೆ. ಎರಡೂ ಒಂದೇ ಅಲ್ಲ ಅಲ್ವಾ? ನಾನೇ ಒಂದು ಸಣ್ಣ ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ಮಾಡುವವನು, ಅದಕ್ಕೇ ಜಾಸ್ತಿ ಚುಚ್ಚುತ್ತಿದೆ.

ಕಾನೂನು ತಿಳಿದವರು ಹೇಳಿ: ಸ್ವಂತ ಓದಿಗೆ ಅಂತ ಇಡೀ ಪುಸ್ತಕ ಕಾಪಿ ಮಾಡಿಸಿದರೆ ಆ ತೀರ್ಪು ನಮಗೂ ಅನ್ವಯಿಸುತ್ತಾ? ಮೆಡಿಕಲ್ ಓದಿದವರು ಹೇಳಿ: ಹಳೇ ಎಡಿಷನ್‌ನಲ್ಲಿ ಮೊದಲ ವರ್ಷ ದಾಟಬಹುದಾ?