ಅಪ್‌ಡೇಟ್: ಬಿ.ಎ. ಮನಃಶಾಸ್ತ್ರದಿಂದ ಶಾಲಾ ಆಪ್ತಸಮಾಲೋಚಕಿ

ಬಿ.ಎ. ಮನಃಶಾಸ್ತ್ರ ಓದಿದವಳಿಗೆ ಶಾಲೆಯಲ್ಲಿ ಆಪ್ತಸಮಾಲೋಚಕಿಯ ಕೆಲಸ ಸಿಗುತ್ತದೆಯೇ ಎಂದು ಹಿಂದೆ ಕೇಳಿದ್ದೆ. ಸಿಕ್ಕಿತು, ಆದರೆ ಸುತ್ತುದಾರಿಯಲ್ಲಿ. ಆಗಿನ ಸಿಬಿಎಸ್‌ಇ ನಿಯಮಕ್ಕೆ ಮನಃಶಾಸ್ತ್ರದ ಪದವಿ ಸಾಕಿತ್ತು. ಸಂದರ್ಶನ ಮಾಡಿದವರಿಗೆ ಸಾಲಲಿಲ್ಲ. ಮೂರು ಕಡೆ "ಎಂ.ಎ. ಆಗಿಲ್ಲವೇ?" ಎಂದರು. ಇಗ್ನೋದಲ್ಲಿ ದೂರಶಿಕ್ಷಣದ ಎಂ.ಎ. ಮುಗಿಸಿದೆ. ಅದರ ಇಂಟರ್ನ್‌ಶಿಪ್ಪೇ ನಿಜವಾದ ಪಾಠ.

ಈಗ ಖಾಸಗಿ ಶಾಲೆಯೊಂದರಲ್ಲಿದ್ದೇನೆ. ನನ್ನ ಕೋಣೆ ಕ್ರೀಡಾ ಸಾಮಗ್ರಿಯ ಪಕ್ಕ, ನಡುವೆ ಬರೀ ಪ್ಲೈವುಡ್. ಗುಟ್ಟು ಕಾಯುವ ಕೆಲಸಕ್ಕೆ ಎಂಥ ಜಾಗ! ಶಿಕ್ಷಕರು ರಜೆ ಹಾಕಿದರೆ ಅವರ ತರಗತಿಯೂ ನನ್ನ ತಲೆಗೇ.

ಪ್ರತಿ ಸೋಮವಾರ ಹೊಟ್ಟೆನೋವೆಂದು ಬರುತ್ತಿದ್ದ ಆರನೆಯ ತರಗತಿಯ ಹುಡುಗ ನಾಲ್ಕನೆಯ ವಾರ ಬಾಗಿಲು ಮುಂದೆ ಮಾಡಿ ಕೇಳಿದ: "ಮಿಸ್, ಅಮ್ಮನಿಗೆ ಹೇಳುವುದಿಲ್ಲ ತಾನೇ?"